ಕ್ರೈಸ್ತ ಕಾಲೇಜು ಮತ್ತು ಪ್ರಚಾರ ವಿದ್ಯೆ

(ಜನವರಿ 24, ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರ ಹಬ್ಬದ ನಿಮಿತ್ತ)



ಜನವರಿ 24ರಂದು ಧರ್ಮಸಭೆಯು ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರ ಹಬ್ಬವನ್ನು ಆಚರಿಸುತ್ತದೆ. ಅವರು ಲೇಖಕರ ಮತ್ತು ಪತ್ರಕರ್ತರ ಪಾಲಕ ಸಂತರು. ವಿಶ್ವ ಸಂಪರ್ಕ ಮಾಧ್ಯಮ ದಿನಕ್ಕಾಗಿ ಜಗದ್ಗುರುಗಳು ನೀಡುವ ಸಂದೇಶವೂ ವಾಡಿಕೆಯಂತೆ ಇದೇ ದಿನ ಹೊರಬರುತ್ತದೆ. ಪಿಯುಸಿ ಮುಗಿಸಲಿರುವ ಮಕ್ಕಳಿರುವ ಮನೆಗಳಲ್ಲಿ ಮುಂದೇನು ಓದಬೇಕು ಎಂಬ ಮಾತು ಆರಂಭವಾಗುವುದೂ ಹೆಚ್ಚುಕಡಿಮೆ ಇದೇ ಸಮಯದಲ್ಲಿ. ಮಗನೋ ಮಗಳೋ "ನಾನು ಪತ್ರಿಕೋದ್ಯಮ, ಜಾಹೀರಾತು, ಸಾರ್ವಜನಿಕ ಸಂಪರ್ಕ ಓದುತ್ತೇನೆ" ಎಂದರೆ ತಂದೆತಾಯಿ ಮುಖ ಮುಖ ನೋಡಿಕೊಳ್ಳುತ್ತಾರೆ. ಇಂಜಿನಿಯರಿಂಗ್ ಎಂದರೆ ಅರ್ಥವಾಗುತ್ತದೆ, ನರ್ಸಿಂಗ್ ಎಂದರೆ ಅರ್ಥವಾಗುತ್ತದೆ. ಆದರೆ ಪ್ರಚಾರ ಮಾಡುವುದನ್ನೂ ಕಾಲೇಜಿನಲ್ಲಿ ಕಲಿಯಬೇಕೇ? ಇಲ್ಲದ್ದನ್ನು ಇದೆ ಎಂದು ತೋರಿಸುವ ವಿದ್ಯೆಯಲ್ಲವೇ ಅದು? ಅದನ್ನು ನಮ್ಮ ಕ್ರೈಸ್ತ ಕಾಲೇಜುಗಳೇ ಕಲಿಸುವುದು ಸರಿಯೇ?

ಈ ಪ್ರಶ್ನೆ ಸಣ್ಣದಲ್ಲ, ಹೊಸದೂ ಅಲ್ಲ. ನಾಲ್ಕು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ನಮ್ಮ ಕಾಲೇಜುಗಳೂ ಪ್ರಚಾರ ವಿದ್ಯೆಯೂ ಒಂದೇ ಮನೆಯಲ್ಲಿ ಬಾಳುತ್ತಾ ಬಂದಿವೆ. ಆ ಬಾಳುವೆಯಲ್ಲಿ ಹೆಮ್ಮೆಪಡುವ ದಿನಗಳೂ ಇವೆ, ತಲೆ ತಗ್ಗಿಸುವ ದಿನಗಳೂ ಇವೆ. ಹಬ್ಬದ ನಿಮಿತ್ತ ಆ ಚರಿತ್ರೆಯನ್ನು ಒಮ್ಮೆ ಅವಲೋಕಿಸೋಣ.

ಬಾಗಿಲ ಸಂದಿನಲ್ಲಿ ಬಂದ ಧರ್ಮೋಪದೇಶ

ಫ್ರಾನ್ಸಿಸ್ ಹುಟ್ಟಿದ್ದು 1567ರಲ್ಲಿ, ಸವಾಯ್ ಪ್ರಾಂತ್ಯದ ಶ್ರೀಮಂತ ಮನೆತನದಲ್ಲಿ. ಪ್ಯಾರಿಸ್ಸಿನ ಕ್ಲೇರ್ಮೋ ಎಂಬ ಯೇಸುಸಭೆಯ ಕಾಲೇಜಿನಲ್ಲಿ ಅವರು ಓದಿದರು. ಅಂದಿನ ಯೇಸುಸಭೆಯ ಕಾಲೇಜುಗಳಲ್ಲಿ ವ್ಯಾಕರಣ, ಸಾಹಿತ್ಯಗಳ ನಂತರದ ಮೆಟ್ಟಿಲು ವಾಕ್ಚಾತುರ್ಯದ ತರಗತಿ. ಕೇಳುವವನ ಮನಸ್ಸನ್ನು ಅರಿತು, ಹೇಳಬೇಕಾದ್ದನ್ನು ಅವನಿಗೆ ಮುಟ್ಟುವಂತೆ ಹೇಳುವುದು ಹೇಗೆಂದು ಅಲ್ಲಿ ಕಲಿಸುತ್ತಿದ್ದರು. 1599ರಲ್ಲಿ ಯೇಸುಸಭೆಯು ತನ್ನ ಎಲ್ಲ ಕಾಲೇಜುಗಳಿಗೆ ಒಂದೇ ಶಿಕ್ಷಣ ಕ್ರಮವನ್ನು ನಿಗದಿಪಡಿಸಿದಾಗಲೂ ಈ ತರಗತಿಗೆ ದೊಡ್ಡ ಸ್ಥಾನವಿತ್ತು. ಇಂದಿನ 'ಮಾಧ್ಯಮ ಅಧ್ಯಯನ'ದ ಮುತ್ತಜ್ಜಿ ಅದು.

1594ರಲ್ಲಿ ಯುವ ಗುರುವಾಗಿ ಅವರು ಶಾಬ್ಲೇ ಎಂಬ ಗುಡ್ಡಗಾಡು ಸೀಮೆಗೆ ಹೋದರು. ಜನ ಅಲ್ಲಿ ಕಥೋಲಿಕ ವಿಶ್ವಾಸವನ್ನು ತೊರೆದು ವರ್ಷಗಳಾಗಿದ್ದವು. ಪ್ರಬೋಧನೆ ಕೇಳಲು ಯಾರೂ ಬರಲಿಲ್ಲ. ಆಗ ಫ್ರಾನ್ಸಿಸ್ ಕರಪತ್ರಗಳನ್ನು ಬರೆದರು. ಅವುಗಳನ್ನು ಮನೆಗಳ ಬಾಗಿಲ ಸಂದಿನಲ್ಲಿ ಒಳಗೆ ಸರಿಸಿದರು, ಗೋಡೆಗಳಿಗೆ ಅಂಟಿಸಿದರು. ಬಾಯಿಂದ ಕೇಳಲು ಒಪ್ಪದವರು ಏಕಾಂತದಲ್ಲಿ ಓದಿದರು. ಬರವಣಿಗೆಯಲ್ಲಿ ವಾದವಿತ್ತು, ಬೈಗುಳವಿರಲಿಲ್ಲ. ಕಿವಿ ಕೇಳದ ಒಬ್ಬ ಯುವಕನಿಗೆ ಕೈಸನ್ನೆಗಳ ಮೂಲಕ ಧರ್ಮೋಪದೇಶ ಮಾಡಿ ಅವನನ್ನು ಪರಮಪ್ರಸಾದಕ್ಕೆ ಸಿದ್ಧಗೊಳಿಸಿದವರೂ ಇವರೇ. ಆದ್ದರಿಂದಲೇ ಅವರು ಕಿವುಡರ ಪಾಲಕರೂ ಹೌದು. ತಲುಪಬೇಕಾದವನು ಯಾವ ದಾರಿಯಲ್ಲಿ ಸಿಗುತ್ತಾನೋ ಆ ದಾರಿಯಲ್ಲೇ ಹೋಗಬೇಕು ಎಂಬುದು ಅವರ ಕ್ರಮವಾಗಿತ್ತು. 1923ರ ಜನವರಿಯಲ್ಲಿ ಪೋಪ್ 11ನೇ ಪಿಯುಸ್‌ರವರು ಅವರನ್ನು ಕಥೋಲಿಕ ಲೇಖಕರ ಪಾಲಕರೆಂದು ಸಾರಿದರು.

ಭಾರತದ ಮೊದಲ ಅಚ್ಚುಕೂಟ ಒಂದು ಕಾಲೇಜಿನಲ್ಲಿ

ನಮ್ಮ ದೇಶಕ್ಕೆ ಅಚ್ಚುಯಂತ್ರ ಬಂದದ್ದೂ ಒಂದು ಕ್ರೈಸ್ತ ಕಾಲೇಜಿಗೇ. 1556ರಲ್ಲಿ ಪೋರ್ಚುಗಲ್ಲಿನಿಂದ ಇಥಿಯೋಪಿಯಾಕ್ಕೆಂದು ಹೊರಟ ಮಿಷನರಿಗಳ ಸಾಮಾನಿನಲ್ಲಿ ಒಂದು ಅಚ್ಚುಯಂತ್ರವಿತ್ತು. ಹಡಗು ಗೋವೆಗೆ ಬಂತು. ಯಂತ್ರ ಅಲ್ಲಿಂದ ಮುಂದಕ್ಕೆ ಹೋಗಲೇ ಇಲ್ಲ. ಗೋವೆಯ ಸಂತ ಪೌಲರ ಕಾಲೇಜಿನಲ್ಲಿ ಅದನ್ನು ನೆಲೆಗೊಳಿಸಿದರು. ಯುವಾನ್ ದೆ ಬುಸ್ತಮಾಂತೆ ಎಂಬ ಯೇಸುಸಭೆಯ ಸಹೋದರರು ಅದನ್ನು ನಡೆಸಿದರು. ಮೊದಲು ಅಚ್ಚಾದದ್ದು ಏನು? ಕಾಲೇಜಿನ ವಿದ್ಯಾರ್ಥಿಗಳು ಸಭೆಯ ಮುಂದೆ ನಿಂತು ವಾದಿಸಿ ಸಮರ್ಥಿಸಬೇಕಾಗಿದ್ದ ತತ್ವಶಾಸ್ತ್ರದ ಪ್ರಮೇಯಗಳು! ಮರುವರ್ಷ, 1557ರಲ್ಲಿ, ಸಂತ ಫ್ರಾನ್ಸಿಸ್ ಕ್ಸೇವಿಯರರ ಧರ್ಮೋಪದೇಶದ ಪುಸ್ತಕ ಅಚ್ಚಾಯಿತು. ಕ್ಸೇವಿಯರರು ತೀರಿಕೊಂಡು ಆಗ ಐದು ವರ್ಷಗಳಾಗಿದ್ದವು.

ಈ ಯಂತ್ರದಿಂದ ಆರಂಭವಾದ ಕೆಲಸ ಬಲು ಬೇಗ ಜನರ ಭಾಷೆಗೆ ತಿರುಗಿತು. 1579ರಲ್ಲಿ ಗೋವೆಗೆ ಬಂದ ಇಂಗ್ಲೆಂಡಿನ ಯೇಸುಸಭೆಯ ಗುರು ಥಾಮಸ್ ಸ್ಟೀಫನ್ಸ್‌ರು ಮರಾಠಿ, ಕೊಂಕಣಿಗಳನ್ನು ಕಲಿತರು. ಹಿಂದೂ ಸಮಾಜದಿಂದ ಬಂದ ಹೊಸ ವಿಶ್ವಾಸಿಗಳಿಗೆ ಪುರಾಣ ಶ್ರವಣದ ರುಚಿ ಇತ್ತು. ಆ ರುಚಿಯನ್ನು ಅರಿತ ಅವರು ಓವಿ ಛಂದಸ್ಸಿನಲ್ಲಿ 'ಕ್ರಿಸ್ತ ಪುರಾಣ'ವನ್ನು ರಚಿಸಿದರು. ಅದು 1616ರಲ್ಲಿ ರಾಚೋಲಿನಲ್ಲಿ ಅಚ್ಚಾಯಿತು. ಅವರು ಕೊಂಕಣಿಯಲ್ಲಿ ಬರೆದ ಧರ್ಮೋಪದೇಶದ ಪುಸ್ತಕವು ಅವರ ಮರಣಾನಂತರ, 1622ರಲ್ಲಿ, ರಾಚೋಲಿನ ಕಾಲೇಜಿನಲ್ಲೇ ಮುದ್ರಿತವಾಯಿತು. 'ಕ್ರಿಸ್ತ ಪುರಾಣ'ಕ್ಕೂ ನಮ್ಮ ನಾಡಿಗೂ ಒಂದು ನಂಟಿದೆ: 1907ರಲ್ಲಿ ಜೋಸೆಫ್ ಸಲ್ಡಾನ್ಹಾರವರು ಅದನ್ನು ಸಂಪಾದಿಸಿ ಹೊರತಂದದ್ದು ಮಂಗಳೂರಿನಲ್ಲಿ.

ಆದರೆ ಚರಿತ್ರೆಯನ್ನು ಅರ್ಧ ಹೇಳಬಾರದು. 1684ರಲ್ಲಿ ಗೋವೆಯ ಪೋರ್ಚುಗೀಸ್ ಆಡಳಿತವು ಸ್ಥಳೀಯ ಭಾಷೆಯನ್ನು ಬಿಟ್ಟು ಪೋರ್ಚುಗೀಸನ್ನೇ ಆಡಬೇಕೆಂದು ಆಜ್ಞೆ ಹೊರಡಿಸಿತು. ಅಷ್ಟರಲ್ಲಾಗಲೇ ಅಚ್ಚುಕೂಟಗಳೂ ಮೌನವಾಗಿದ್ದವು. ಗೋವೆಯಲ್ಲಿ ಮತ್ತೆ ಅಚ್ಚು ಆರಂಭವಾಗಲು 1821ರ ತನಕ ಕಾಯಬೇಕಾಯಿತು. ಜನರ ನಾಲಿಗೆಯನ್ನು ಗೌರವಿಸಿದಾಗ ಬೆಳೆದ ಮಾಧ್ಯಮ, ಆ ನಾಲಿಗೆಗೆ ಬೀಗ ಹಾಕಿದ ಕಾಲದಲ್ಲಿ ಬತ್ತಿಹೋಗಿತ್ತು.

ತೋಟದಿಂದ ಬಂದ ಪದ

1622 ಎಂಬ ವರ್ಷ ಈ ಕಥೆಯಲ್ಲಿ ಮತ್ತೆ ಮತ್ತೆ ಬರುತ್ತದೆ. ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರು ಕಾಲವಾದದ್ದು ಆ ವರ್ಷದ ಡಿಸೆಂಬರ್ 28ರಂದು. ಅದೇ ವರ್ಷ ಪೋಪ್ 15ನೇ ಗ್ರೆಗೊರಿಯವರು ವಿಶ್ವಾಸ ಪ್ರಸಾರದ ಪವಿತ್ರ ಆಯೋಗವನ್ನು ಸ್ಥಾಪಿಸಿದರು. ಲತೀನ್ ಭಾಷೆಯಲ್ಲಿ ಅದರ ಹೆಸರು 'ದೆ ಪ್ರೊಪಗಾಂದಾ ಫೀದೆ'. ಇಂದು ಜಗತ್ತೆಲ್ಲ ಮೂಗು ಮುರಿಯುವ 'ಪ್ರೊಪಗಾಂಡ' ಎಂಬ ಪದ ಹುಟ್ಟಿದ್ದು ಹೀಗೆ, ನಮ್ಮ ಮನೆಯಲ್ಲೇ.

ಆ ಪದದ ಮೂಲಾರ್ಥ ಸುಂದರವಾದದ್ದು. ಅದು ತೋಟಗಾರನ ಪದ. ಬಳ್ಳಿಯ ಕುಡಿಯನ್ನು ಬಾಗಿಸಿ ಮಣ್ಣಿನಲ್ಲಿ ಊರಿ, ಅಲ್ಲಿ ಬೇರು ಬಿಟ್ಟ ಮೇಲೆ ಹೊಸ ಗಿಡ ಮಾಡುವ ಕೆಲಸಕ್ಕೆ ಲತೀನಿನಲ್ಲಿ ಆ ಹೆಸರು. ಮಲ್ಲಿಗೆ ಬೆಳೆಯುವ ನಮ್ಮವರಿಗೆ ಈ ಕೆಲಸ ಚೆನ್ನಾಗಿ ಗೊತ್ತು. ಹೊಸ ಬೇರು ಆ ಮಣ್ಣಿನಲ್ಲೇ ಬಿಡಬೇಕು. ಯಾರೂ ಒತ್ತಾಯದಿಂದ ಬೇರು ಬಿಡಿಸಲಾರರು. 1626ರಲ್ಲಿ ಈ ಆಯೋಗಕ್ಕೆ ಹಲವು ಲಿಪಿಗಳಲ್ಲಿ ಅಚ್ಚು ಹಾಕುವ ಮುದ್ರಣಾಲಯ ಬಂತು. 1627ರಲ್ಲಿ ಪೋಪ್ 8ನೇ ಅರ್ಬನ್‌ರವರು ಅದಕ್ಕೊಂದು ಕಾಲೇಜನ್ನು ಸ್ಥಾಪಿಸಿದರು. ಅದುವೇ ಇಂದು ರೋಮಿನಲ್ಲಿರುವ ಅರ್ಬನ್ ವಿಶ್ವವಿದ್ಯಾಲಯ. ನಮ್ಮ ನಾಡಿನ ಹಲವು ಗುರುಗಳು ಅಲ್ಲಿ ಕಲಿತು ಬಂದಿದ್ದಾರೆ. 1659ರಲ್ಲಿ ಇದೇ ಆಯೋಗವು ಪೂರ್ವದೇಶಗಳಿಗೆ ಹೊರಟ ಧರ್ಮಾಧ್ಯಕ್ಷರಿಗೆ ಒಂದು ಸೂಚನೆ ಕೊಟ್ಟಿತು. ಧರ್ಮಕ್ಕೆ, ನೀತಿಗೆ ವಿರುದ್ಧವಲ್ಲದ ಜನರ ಆಚಾರಗಳನ್ನು ಬದಲಾಯಿಸಲು ಹೋಗಬೇಡಿ, ಕೊಂಡೊಯ್ಯಬೇಕಾದದ್ದು ವಿಶ್ವಾಸವನ್ನೇ ಹೊರತು ಯೂರೋಪನ್ನಲ್ಲ ಎಂಬುದು ಅದರ ತಾತ್ಪರ್ಯ.

ಹಾಗಾದರೆ ಪದ ಕೆಟ್ಟದ್ದು ಯಾವಾಗ? ಮುಖ್ಯವಾಗಿ 1914ರಲ್ಲಿ ಆರಂಭವಾದ ಮೊದಲ ಮಹಾಯುದ್ಧದಲ್ಲಿ. ಯುದ್ಧದಲ್ಲಿದ್ದ ಸರ್ಕಾರಗಳು ಜನರ ಮನಸ್ಸನ್ನು ಹುರಿದುಂಬಿಸಲು ಪ್ರಚಾರ ಕಚೇರಿಗಳನ್ನು ತೆರೆದವು. 1917ರಲ್ಲಿ ಅಮೆರಿಕ ಕೂಡ ಅಂಥ ಸಮಿತಿಯೊಂದನ್ನು ರಚಿಸಿತು. ಅದರಲ್ಲಿ ದುಡಿದ ಎಡ್ವರ್ಡ್ ಬರ್ನೇಸ್ ಎಂಬಾತ, ಯುದ್ಧದಲ್ಲಿ ನಡೆದದ್ದು ವ್ಯಾಪಾರದಲ್ಲೂ ನಡೆಯಬಲ್ಲದೆಂದು ಕಂಡುಕೊಂಡ. ಪ್ರೊಪಗಾಂಡ ಎಂಬ ಪದಕ್ಕೆ ಕೆಟ್ಟ ಹೆಸರು ಬಂದಿದ್ದರಿಂದ ತನ್ನ ಕೆಲಸವನ್ನು 'ಸಾರ್ವಜನಿಕ ಸಂಪರ್ಕ' ಎಂದು ಕರೆದುಕೊಂಡ. 1923ರಲ್ಲಿ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಆ ವಿಷಯವನ್ನು ಪಾಠ ಮಾಡಲಾರಂಭಿಸಿದ. ಗಮನಿಸಿ: ರೋಮಿನಲ್ಲಿ ಪೋಪ್ 11ನೇ ಪಿಯುಸ್‌ರು ಲೇಖಕರಿಗೆ ಪಾಲಕ ಸಂತರನ್ನು ಕೊಟ್ಟದ್ದೂ ಅದೇ ವರ್ಷ.

ಬರ್ನೇಸ್ ಮಾಡಿದ ಒಂದು ಕೆಲಸ ಹಬ್ಬಗಳನ್ನು ಆಚರಿಸುವ ನಮಗೆ ವಿಶೇಷವಾಗಿ ತಿಳಿದಿರಬೇಕು. ಅಂದು ಅಮೆರಿಕದ ಸ್ತ್ರೀಯರು ಬೀದಿಯಲ್ಲಿ ಸಿಗರೇಟು ಸೇದುವುದು ನಾಚಿಕೆಗೇಡು ಎಂಬ ಭಾವನೆ ಇತ್ತು. ಒಂದು ತಂಬಾಕು ಕಂಪನಿಗೆ ಇದರಿಂದ ಅರ್ಧದಷ್ಟು ಗಿರಾಕಿಗಳೇ ಇಲ್ಲದಂತಾಗಿತ್ತು. 1929ರ ಮಾರ್ಚ್ 31ರಂದು, ಪ್ರಭುವಿನ ಪುನರುತ್ಥಾನದ ಹಬ್ಬದ ದಿನ, ನ್ಯೂಯಾರ್ಕಿನ ಐದನೇ ಅವೆನ್ಯೂದಲ್ಲಿ ಜನ ಹೊಸ ಬಟ್ಟೆ ತೊಟ್ಟು ನಡೆಯುವ ಮೆರವಣಿಗೆಯಲ್ಲಿ ಕೆಲವು ಯುವತಿಯರು ಸಿಗರೇಟು ಹಚ್ಚಿದರು. ಅವು 'ಸ್ವಾತಂತ್ರ್ಯದ ಪಂಜುಗಳು' ಎಂದು ಪತ್ರಿಕೆಗಳು ಬರೆದವು. ಅದು ತಾನಾಗಿ ನಡೆದ ಘಟನೆಯೆಂದೇ ಜನ ತಿಳಿದರು. ಏರ್ಪಾಡು ಬರ್ನೇಸನದು, ಹಣ ತಂಬಾಕು ಕಂಪನಿಯದು. ಪುನರುತ್ಥಾನದ ಬೆಳಕನ್ನು ಸಿಗರೇಟಿನ ಕಿಡಿಯನ್ನಾಗಿ ಮಾಡಿದ ವಿದ್ಯೆ ಅದು. ನಾಲ್ಕು ವರ್ಷಗಳ ನಂತರ, 1933ರಲ್ಲಿ, ಜರ್ಮನಿಯಲ್ಲಿ ಹಿಟ್ಲರನು ಪ್ರಚಾರಕ್ಕೆಂದೇ ಒಂದು ಮಂತ್ರಾಲಯ ತೆರೆದು ಅದನ್ನು ಗೋಬೆಲ್ಸನ ಕೈಗೆ ಕೊಟ್ಟ. ತೋಟಗಾರನ ಪದ ಅಲ್ಲಿಗೆ ಪೂರ್ತಿ ಕೆಟ್ಟುಹೋಯಿತು.

ನಮ್ಮ ನಾಡಿನ ಅಚ್ಚಿನ ಮನೆಗಳು

ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ಬೇರೆಯದೇ ಒಂದು ಮುಖವಿತ್ತು. 1841ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಅಚ್ಚುಕೂಟ ತೆರೆದರು. ಹರ್ಮನ್ ಮೋಗ್ಲಿಂಗ್‌ರು 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಕಲ್ಲಚ್ಚಿನಲ್ಲಿ ಹೊರತಂದರು. ಅದು ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಮ್ಮ ರಾಜ್ಯದಲ್ಲಿ ಪತ್ರಿಕಾ ದಿನವಾಗಿ ಆಚರಿಸುತ್ತಾರೆ. ಪ್ರೊಟೆಸ್ಟೆಂಟ್ ಸಹೋದರರ ಈ ಸೇವೆಯನ್ನು ನಾವು ಕೃತಜ್ಞತೆಯಿಂದ ನೆನೆಯಬೇಕು.

ಇಟಲಿಯ ಯೇಸುಸಭೆಯ ಗುರುಗಳು 1878ರ ಡಿಸೆಂಬರ್ 31ರಂದು ಮಂಗಳೂರಿಗೆ ಕಾಲಿಟ್ಟರು. 1880ರಲ್ಲಿ ಸಂತ ಅಲೋಶಿಯಸ್ ಕಾಲೇಜು ಆರಂಭವಾಯಿತು. ಎರಡೇ ವರ್ಷಗಳಲ್ಲಿ, 1882ರಲ್ಲಿ, ಕೊಡಿಯಾಲ್‌ಬೈಲ್ ಮುದ್ರಣಾಲಯವೂ ಬಂತು. ಕಾಲೇಜು ಮತ್ತು ಅಚ್ಚುಕೂಟ ಜೋಡಿ ಎತ್ತುಗಳಂತೆ ಒಂದೇ ನೊಗ ಹೊತ್ತವು. 1938ರಲ್ಲಿ ಮಂಗಳೂರು ಧರ್ಮಪ್ರಾಂತ್ಯದ ಕೊಂಕಣಿ ವಾರಪತ್ರಿಕೆ 'ರಾಕ್ಣೊ' ಕನ್ನಡ ಲಿಪಿಯಲ್ಲಿ ಆರಂಭವಾಯಿತು. ನೆರೆಯ ಕೇರಳದಲ್ಲಿ ಸಂತ ಕುರಿಯಾಕೋಸ್ ಎಲಿಯಾಸ್ ಚಾವರರು 1846ರಲ್ಲೇ ಮಾನ್ನಾನಂ ಮಠದಲ್ಲಿ ಮರದ ಅಚ್ಚುಯಂತ್ರ ಸ್ಥಾಪಿಸಿದ್ದರು. ಬಾಳೆಯ ದಿಂಡಿನಲ್ಲಿ ಮಾದರಿ ಮಾಡಿ, ಅದನ್ನು ನೋಡಿ ಬಡಗಿಯಿಂದ ಯಂತ್ರ ಮಾಡಿಸಿದರು ಎಂದು ಹೇಳುತ್ತಾರೆ. ಅವರ ಸಿ.ಎಂ.ಐ. ಸಭೆಯವರೇ 1969ರಲ್ಲಿ ಬೆಂಗಳೂರಿನಲ್ಲಿ ಕ್ರೈಸ್ಟ್ ಕಾಲೇಜನ್ನು ತೆರೆದರು. ಇಂದು ವಿಶ್ವವಿದ್ಯಾಲಯವಾಗಿರುವ ಅಲ್ಲಿ ಮಾಧ್ಯಮ ಅಧ್ಯಯನವೂ ಒಂದು ವಿಭಾಗ.

ಅಚ್ಚುಕೂಟದಿಂದ ತರಗತಿಗೆ

ಅಚ್ಚುಕೂಟ ನಡೆಸುವುದು ಒಂದು, ಆ ಕೆಲಸವನ್ನು ಶಾಸ್ತ್ರವಾಗಿ ಕಲಿಸುವುದು ಇನ್ನೊಂದು. ಈ ಎರಡನೆಯ ಹೆಜ್ಜೆಯನ್ನೂ ಕ್ರೈಸ್ತ ಕಾಲೇಜುಗಳು ಬೇಗನೆ ಇಟ್ಟವು. ಅಮೆರಿಕದ ಮಿಲ್ವಾಕೀ ನಗರದ ಮಾರ್ಕೆಟ್ ವಿಶ್ವವಿದ್ಯಾಲಯದಲ್ಲಿ 1910ರಲ್ಲಿ ಯೇಸುಸಭೆಯ ಗುರು ಜಾನ್ ಕೋಪಸ್‌ರು ಪತ್ರಿಕೋದ್ಯಮ ಶಿಕ್ಷಣ ಆರಂಭಿಸಿದರು. ಫ್ರಾನ್ಸಿನ ಲೀಲ್ ನಗರದ ಕಥೋಲಿಕ ವಿಶ್ವವಿದ್ಯಾಲಯದಲ್ಲಿ 1924ರಲ್ಲಿ ಪತ್ರಿಕೋದ್ಯಮ ಶಾಲೆ ಹುಟ್ಟಿತು. ನಮ್ಮ ರಾಜ್ಯದಲ್ಲಿ ಮೊದಲು ಬಾಗಿಲು ತೆರೆದದ್ದು ಸರ್ಕಾರಿ ಸಂಸ್ಥೆ. 1951ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ನಾಡಿಗ ಕೃಷ್ಣಮೂರ್ತಿಯವರು ಪತ್ರಿಕೋದ್ಯಮ ವಿಭಾಗ ಕಟ್ಟಿದರು. ಮರುವರ್ಷ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿ, ಸ್ಕಾಟ್ಲೆಂಡಿನ ಮಿಷನರಿಗಳು ಸ್ಥಾಪಿಸಿದ ಆ ವಿದ್ಯಾಸಂಸ್ಥೆಯಲ್ಲಿ, ಅಮೆರಿಕದಿಂದ ಬಂದ ಪ್ರಾಧ್ಯಾಪಕ ರೋಲಂಡ್ ವೂಲ್ಸ್‌ಲಿಯವರ ನೆರವಿನಿಂದ ಇಂಥದೇ ವಿಭಾಗ ಆರಂಭವಾಯಿತು.

ನಂತರ ಬಂದದ್ದು ದ್ವಿತೀಯ ವ್ಯಾಟಿಕನ್ ಮಹಾಸಭೆ. 1963ರ ಡಿಸೆಂಬರ್ 4ರಂದು ಸಂಪರ್ಕ ಮಾಧ್ಯಮಗಳ ಕುರಿತ 'ಇಂತೆರ್ ಮಿರಿಫಿಕಾ' ಎಂಬ ತೀರ್ಪುಪತ್ರಕ್ಕೆ 1,960 ಮಂದಿ ಪರವಾಗಿ, 164 ಮಂದಿ ವಿರುದ್ಧವಾಗಿ ಮತ ಹಾಕಿದರು. ಗುರುಗಳು, ಧಾರ್ಮಿಕರು, ಶ್ರೀಸಾಮಾನ್ಯರು ಈ ಮಾಧ್ಯಮಗಳನ್ನು ಬಳಸಲು ತರಬೇತಿ ಪಡೆಯಬೇಕು, ಅದಕ್ಕಾಗಿ ಶಾಲೆಗಳು, ವಿದ್ಯಾಸಂಸ್ಥೆಗಳು ಬೇಕು, ಅಲ್ಲಿ ಕ್ರೈಸ್ತ ಮನೋಭಾವವೂ ಧರ್ಮಸಭೆಯ ಸಾಮಾಜಿಕ ಬೋಧನೆಯೂ ಸೇರಿದ ಪೂರ್ಣ ಶಿಕ್ಷಣ ಸಿಗಬೇಕು ಎಂದು ಅದು ಹೇಳಿತು. ವರ್ಷಕ್ಕೊಂದು ದಿನವನ್ನು ಈ ವಿಷಯಕ್ಕೆ ಮೀಸಲಿಡಬೇಕೆಂದೂ ಹೇಳಿತು; ಅದರಂತೆ ಮೊದಲ ವಿಶ್ವ ಸಂಪರ್ಕ ಮಾಧ್ಯಮ ದಿನ 1967ರ ಮೇ 7ರಂದು ನಡೆಯಿತು. ಭಾರತದಲ್ಲಿ ಇದರ ಫಲ ಬೇಗ ಕಂಡಿತು. 1969ರಲ್ಲಿ ಮುಂಬಯಿಯ ಸಂತ ಕ್ಸೇವಿಯರ್ ಕಾಲೇಜಿನ ಆವರಣದಲ್ಲಿ ಕ್ಸೇವಿಯರ್ ಸಂಪರ್ಕ ಸಂಸ್ಥೆ ಹುಟ್ಟಿತು. ಪತ್ರಿಕೋದ್ಯಮದ ಜೊತೆಗೆ ಜಾಹೀರಾತು, ಸಾರ್ವಜನಿಕ ಸಂಪರ್ಕಗಳೂ ಅಲ್ಲಿ ಪಾಠದ ವಿಷಯಗಳಾದವು. 1970ರಲ್ಲಿ ಕೋಲ್ಕತ್ತದಲ್ಲಿ ಯೇಸುಸಭೆಯ ಗುರು ಗ್ಯಾಸ್ಟನ್ ರೊಬೆರ್ಜ್‌ರು ಸತ್ಯಜಿತ್ ರಾಯ್‌ರವರ ಬೆಂಬಲದೊಂದಿಗೆ 'ಚಿತ್ರಬಾನಿ' ಕೇಂದ್ರವನ್ನು ತೆರೆದರು. ಮಂಗಳೂರಿನ ಸಂತ ಅಲೋಶಿಯಸ್‌ನಲ್ಲಿ 'ರೇಡಿಯೋ ಸಾರಂಗ್' ಎಂಬ ಸಮುದಾಯ ಬಾನುಲಿಯೇ ಬಂತು. ಕನ್ನಡ, ತುಳು, ಕೊಂಕಣಿ, ಬ್ಯಾರಿ ಮಾತನಾಡುವ ನೆರೆಹೊರೆಯವರ ದನಿಗಳು ಕಾಲೇಜಿನ ಅಂಗಳದಿಂದ ಕೇಳಿಬಂದವು.

ಒಂದು ಜಾಹೀರಾತಿಗಾಗಿ ಪ್ರಾಣ ಕೊಟ್ಟವರು

ಇಷ್ಟೆಲ್ಲ ಕಲಿಸಿದ ಮೇಲೂ ತಂದೆತಾಯಿಯ ಪ್ರಶ್ನೆ ಉಳಿದೇ ಇದೆ. ಜಾಹೀರಾತಿನ ವಿದ್ಯೆಯಲ್ಲಿ ಕ್ರೈಸ್ತತ್ವ ಎಲ್ಲಿದೆ? ಇದಕ್ಕೆ ಪುಸ್ತಕದ ಉತ್ತರಕ್ಕಿಂತ ಒಬ್ಬ ಮನುಷ್ಯನ ಬದುಕೇ ಒಳ್ಳೆಯ ಉತ್ತರ.

ಟೈಟಸ್ ಬ್ರಾಂಡ್ಸ್‌ಮಾ ಹಾಲೆಂಡಿನ ಫ್ರೀಸ್‌ಲಂಡ್ ಪ್ರಾಂತ್ಯದ ರೈತ ಕುಟುಂಬದಲ್ಲಿ 1881ರಲ್ಲಿ ಜನಿಸಿದರು. ಕಾರ್ಮೆಲ್ ಸಭೆ ಸೇರಿ 1905ರಲ್ಲಿ ಗುರುದೀಕ್ಷೆ ಪಡೆದರು. ಓಸ್ ಎಂಬ ಊರಿನ ಪತ್ರಿಕೆಗೆ ಕೆಲಕಾಲ ಸಂಪಾದಕರಾಗಿದ್ದರು. 1923ರಲ್ಲಿ ನೈಮೇಗೆನ್‌ನಲ್ಲಿ ಕಥೋಲಿಕ ವಿಶ್ವವಿದ್ಯಾಲಯ ಆರಂಭವಾದಾಗ ಅಲ್ಲಿ ತತ್ವಶಾಸ್ತ್ರದ ಪ್ರಾಧ್ಯಾಪಕರಾದರು. 1932ರಲ್ಲಿ ಅದರ ಮುಖ್ಯಸ್ಥರ ಸ್ಥಾನವನ್ನೂ ವಹಿಸಿಕೊಂಡರು. 1935ರಿಂದ ಹಾಲೆಂಡಿನ ಕಥೋಲಿಕ ಪತ್ರಕರ್ತರ ಸಂಘಕ್ಕೆ ಆಧ್ಯಾತ್ಮಿಕ ಸಲಹೆಗಾರರಾಗಿದ್ದರು. ಅಂದರೆ ತರಗತಿಯನ್ನೂ ಸುದ್ದಿಮನೆಯನ್ನೂ ಒಂದೇ ಜೀವದಲ್ಲಿ ಹೊತ್ತವರು.

1940ರಲ್ಲಿ ಜರ್ಮನಿಯು ಹಾಲೆಂಡನ್ನು ಆಕ್ರಮಿಸಿತು. 1941ರ ಕೊನೆಗೆ ಒಂದು ಆಜ್ಞೆ ಹೊರಟಿತು: ನಾಜಿ ಪರವಾದ ಡಚ್ ಪಕ್ಷದ ಜಾಹೀರಾತುಗಳನ್ನು ಯಾವ ಪತ್ರಿಕೆಯೂ ನಿರಾಕರಿಸುವಂತಿಲ್ಲ. ಮೇಲ್ನೋಟಕ್ಕೆ ಇದು ಚಿಕ್ಕ ವಿಷಯ. ಜಾಹೀರಾತು ತಾನೇ? ಹಣ ಕೊಡುತ್ತಾರೆ, ಹಾಕಿಬಿಟ್ಟರಾಯಿತು. ಪತ್ರಿಕೆಯ ಅಭಿಪ್ರಾಯವಂತೂ ಅಲ್ಲ. ಆದರೆ ಉಟ್ರೆಕ್ಟಿನ ಮಹಾಧರ್ಮಾಧ್ಯಕ್ಷ ಡಿ ಯಾಂಗ್‌ರು ಮತ್ತು ಫಾದರ್ ಟೈಟಸ್‌ರು ಹಾಗೆ ಯೋಚಿಸಲಿಲ್ಲ. ಸುಳ್ಳಿಗೆ ಬಾಡಿಗೆಗೆ ಜಾಗ ಕೊಟ್ಟರೂ ಸುಳ್ಳಿನ ಮನೆಯವರೇ ಆಗುತ್ತೇವೆ ಎಂಬುದು ಅವರ ನಿಲುವು. 1942ರ ಹೊಸ ವರ್ಷದ ದಿನದಿಂದ ಅರವತ್ತೊಂದರ ಹತ್ತಿರವಿದ್ದ, ಆರೋಗ್ಯ ಕೆಟ್ಟಿದ್ದ ಈ ಪ್ರಾಧ್ಯಾಪಕರು ರೈಲು ಹತ್ತಿ ಊರೂರು ತಿರುಗಿದರು. ಕಥೋಲಿಕ ಪತ್ರಿಕೆಗಳ ಸಂಪಾದಕರನ್ನು ಒಬ್ಬೊಬ್ಬರಾಗಿ ಕಂಡು, ಈ ಜಾಹೀರಾತುಗಳನ್ನು ತೆಗೆದುಕೊಳ್ಳಬಾರದೆಂಬ ಧರ್ಮಾಧ್ಯಕ್ಷರ ನಿರ್ಧಾರವನ್ನು ತಿಳಿಸಿದರು, ಅದರ ಅಪಾಯವನ್ನೂ ಮುಚ್ಚಿಡದೆ ಹೇಳಿದರು.

ಜನವರಿ 19ರಂದು ಅವರ ಬಂಧನವಾಯಿತು. ಹಲವು ಸೆರೆಮನೆಗಳನ್ನು ದಾಟಿ ಜೂನ್‌ನಲ್ಲಿ ಡಾಖೌ ಶಿಬಿರ ತಲುಪಿದರು. 1942ರ ಜುಲೈ 26ರಂದು ವಿಷದ ಚುಚ್ಚುಮದ್ದಿನಿಂದ ಅವರನ್ನು ಕೊಂದರು. ಆ ಮದ್ದು ಚುಚ್ಚಿದ ನರ್ಸಿಗೆ ಅವರು ಅದಕ್ಕೂ ಮೊದಲು ತಮ್ಮ ಜಪಮಾಲೆಯನ್ನು ಕೊಟ್ಟಿದ್ದರು. ಮುಂದೆ ಅವರಿಗೆ ಪುನೀತ ಪದವಿ ನೀಡುವ ವಿಚಾರಣೆಯಲ್ಲಿ ಆಕೆಯೇ ಸಾಕ್ಷಿ ಹೇಳಿದಳು. 2022ರ ಮೇ 15ರಂದು ಪೋಪ್ ಫ್ರಾನ್ಸಿಸ್‌ರು ಅವರನ್ನು ಸಂತರೆಂದು ಘೋಷಿಸಿದರು. ನಮ್ಮ ದೇಶದ ರಕ್ತಸಾಕ್ಷಿ ದೇವಸಹಾಯಂ ಪಿಳ್ಳೆಯವರು ಸಂತ ಪದವಿಗೇರಿದ್ದೂ ಅದೇ ಬಲಿಪೂಜೆಯಲ್ಲಿ.

1923ರಲ್ಲಿ ಆರಂಭವಾದ ಎರಡು ತರಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ನ್ಯೂಯಾರ್ಕಿನ ಮೇಷ್ಟರು ಹಬ್ಬದ ದಿನವನ್ನೇ ಸಿಗರೇಟಿಗೆ ಮಾರಿಕೊಟ್ಟರು. ನೈಮೇಗೆನ್ನಿನ ಮೇಷ್ಟರು ಒಂದು ಜಾಹೀರಾತನ್ನು ಬೇಡವೆಂದು ಹೇಳಿ ಪ್ರಾಣ ಕೊಟ್ಟರು. ಪ್ರಚಾರದ ಶಕ್ತಿ ಎಷ್ಟೆಂದು ಇಬ್ಬರಿಗೂ ತಿಳಿದಿತ್ತು. ಯಾವುದಕ್ಕೆ ಇಲ್ಲ ಎನ್ನಬೇಕು ಎಂಬುದರಲ್ಲಿ ಅವರು ಬೇರೆಯಾದರು. ಕ್ರೈಸ್ತ ಕಾಲೇಜೊಂದು ಬೇರೆ ಕಾಲೇಜುಗಳಿಗಿಂತ ಹೆಚ್ಚಾಗಿ ಏನನ್ನಾದರೂ ಕಲಿಸಬೇಕಿದ್ದರೆ ಅದು ಇದೇ: ಇಲ್ಲ ಎನ್ನುವ ಧೈರ್ಯ.

ಇಂದಿನ ಮಾತು

1997ರ ಫೆಬ್ರವರಿ 22ರಂದು ಸಂಪರ್ಕ ಮಾಧ್ಯಮಗಳ ಪೋಪರ ಮಂಡಳಿಯು ಜಾಹೀರಾತಿನ ನೀತಿಯ ಕುರಿತು ಒಂದು ದಾಖಲೆ ಪ್ರಕಟಿಸಿತು. ಅದು ಜಾಹೀರಾತನ್ನು ಪಾಪವೆನ್ನಲಿಲ್ಲ. ಒಳ್ಳೆಯ ವಸ್ತು, ಒಳ್ಳೆಯ ಸೇವೆ ಎಲ್ಲಿ ಸಿಗುತ್ತದೆಂದು ತಿಳಿಸುವುದು ಉಪಕಾರವೇ ಎಂದು ಒಪ್ಪಿ, ಮೂರು ಅಳತೆಗೋಲುಗಳನ್ನು ಕೊಟ್ಟಿತು: ಸತ್ಯ, ಮಾನವ ಘನತೆ, ಸಮಾಜದ ಬಗೆಗಿನ ಹೊಣೆ. ಈ ಮೂರನ್ನು ಇಟ್ಟುಕೊಂಡು ಅಳೆದರೆ ನಮ್ಮ ದೇಶದಲ್ಲಿ ಕಾಣುವುದೇನು? 2009ರ ಲೋಕಸಭಾ ಚುನಾವಣೆಯ ನಂತರ 'ಕಾಸಿಗಾಗಿ ಸುದ್ದಿ'ಯ ಬಗ್ಗೆ ದೊಡ್ಡ ದೂರುಗಳು ಬಂದು, ಭಾರತೀಯ ಪತ್ರಿಕಾ ಮಂಡಳಿಯು 2010ರಲ್ಲಿ ವರದಿ ನೀಡಬೇಕಾಯಿತು. ಅಭ್ಯರ್ಥಿಯ ಜಾಹೀರಾತನ್ನು ಸುದ್ದಿಯ ಬಟ್ಟೆ ತೊಡಿಸಿ ಓದುಗರಿಗೆ ಕೊಡುವ ದಂಧೆ ಅದು. ಇಂದು ಮೊಬೈಲಿನಲ್ಲಿ ಯಾವುದು ಸುದ್ದಿ, ಯಾವುದು ಜಾಹೀರಾತು, ಯಾವುದು ಯಂತ್ರವೇ ಕಟ್ಟಿದ ಚಿತ್ರ ಎಂದು ತಿಳಿಯುವುದು ಇನ್ನೂ ಕಷ್ಟವಾಗಿದೆ. ಇಂಥ ಕಾಲದಲ್ಲಿ ಈ ವಿದ್ಯೆಯನ್ನು ಬಲ್ಲ, ಆತ್ಮಸಾಕ್ಷಿಯೂ ಇರುವ ಯುವಜನರು ನಮಗೆ ಹೆಚ್ಚು ಬೇಕೇ, ಕಡಿಮೆ ಬೇಕೇ? ಆದ್ದರಿಂದ ತಂದೆತಾಯಂದಿರೇ, ಮಗಳು ಈ ದಾರಿ ಹಿಡಿಯುತ್ತೇನೆಂದರೆ ತಡೆಯಬೇಡಿ. ಆದರೆ ಕೋರ್ಸಿನ ಶುಲ್ಕ, ಸಂಬಳದ ಅಂದಾಜು ಕೇಳುವಾಗ ಇನ್ನೊಂದನ್ನೂ ಕೇಳಿ: ಅಲ್ಲಿ ನೀತಿಯ ಪಾಠ ಪರೀಕ್ಷೆಗೆ ಮಾತ್ರವೋ, ಬದುಕಿಗೂ ಇದೆಯೋ?

ಪಾಠ ಹೇಳುವವರಿಗೂ ಒಂದು ಪರೀಕ್ಷೆ ಇದೆ. ತರಗತಿಯಲ್ಲಿ ಸತ್ಯದ ಜಾಹೀರಾತನ್ನು ಕಲಿಸುವ ಕಾಲೇಜು, ಪ್ರವೇಶಾತಿಯ ಸಮಯದಲ್ಲಿ ತನ್ನ ಫಲಿತಾಂಶವನ್ನು, ಉದ್ಯೋಗ ಸಿಕ್ಕವರ ಲೆಕ್ಕವನ್ನು ಉಬ್ಬಿಸಿ ಬರೆದರೆ ಮಕ್ಕಳು ಯಾವ ಪಾಠವನ್ನು ನಂಬಬೇಕು? ಗೋಡೆಯ ಮೇಲಿನ ಫಲಕ ಒಂದು ಹೇಳಿ ಕಪ್ಪು ಹಲಗೆ ಇನ್ನೊಂದು ಹೇಳಿದರೆ ಮಕ್ಕಳು ಕಲಿಯುವುದು ಗೋಡೆಯ ಪಾಠವನ್ನೇ. ನಮ್ಮ ಧರ್ಮಕೇಂದ್ರಗಳೂ ಇದರಿಂದ ಹೊರತಲ್ಲ. ವಾರ್ಷಿಕ ಹಬ್ಬದ ಫ್ಲೆಕ್ಸ್‌ನಲ್ಲಿ ಪಾಲಕ ಸಂತರ ಚಿತ್ರ ಅಂಗೈಯಗಲ, ದಾನಿಗಳ ಮತ್ತು ನಮ್ಮಂ‍ಥ ಗುರುಗಳ ಚಿತ್ರ ಆಳೆತ್ತರ ಇದ್ದರೆ ಅದು ಯಾರ ಪ್ರಚಾರ? ದಾನ ಕೊಡುವಾಗ ತುತ್ತೂರಿ ಊದಿಸಬೇಡಿ ಎಂದ ಪ್ರಭು, ದೀಪವನ್ನು ಕೊಳಗದ ಕೆಳಗೆ ಮುಚ್ಚಿಡಬೇಡಿ ಎಂದೂ ಹೇಳಿದ್ದಾರೆ. ಎರಡೂ ಮತ್ತಾಯನ ಶುಭಸಂದೇಶದಲ್ಲೇ ಇವೆ. ದೀಪಸ್ತಂಭದ ಮೇಲೆ ಇಡಬೇಕಾದದ್ದು ದೀಪವನ್ನು, ದೀಪ ಹಚ್ಚಿದವನನ್ನಲ್ಲ.

ಪ್ರಭು ಯೇಸುವಿಗೂ ಪ್ರಚಾರದ ಆಮಿಷ ಬಂದಿತ್ತು. ಮಹಾದೇವಾಲಯದ ಶಿಖರದಿಂದ ಎಲ್ಲರ ಕಣ್ಣೆದುರು ಧುಮುಕು, ದೂತರು ಎತ್ತಿ ಹಿಡಿಯುತ್ತಾರೆ ಎಂದು ಸೈತಾನ ಹೇಳಿದ. ಒಂದೇ ದಿನದಲ್ಲಿ ಜೆರುಸಲೇಮೆಲ್ಲ ಅವರ ಕಾಲಡಿಗೆ ಬರುತ್ತಿತ್ತು. ಪ್ರಭು ಒಪ್ಪಲಿಲ್ಲ. ಶಿಖರದಿಂದ ಇಳಿದು ಗಲಿಲೇಯದ ಧೂಳಿನ ದಾರಿಯಲ್ಲಿ ಊರೂರು ನಡೆದು, ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು. ಬಳ್ಳಿಯ ಕುಡಿಯನ್ನು ಮಣ್ಣಿಗೆ ಬಾಗಿಸಿ ಬೇರು ಬಿಡಿಸುವ ತೋಟಗಾರನ ಪ್ರಚಾರ ಅದು. ಫ್ರಾನ್ಸಿಸ್‌ರು ಕರಪತ್ರ ಹಿಡಿದು ಬಾಗಿಲಿಂದ ಬಾಗಿಲಿಗೆ ನಡೆದದ್ದೂ, ಟೈಟಸ್‌ರು ಸಂಪಾದಕರಿಂದ ಸಂಪಾದಕರಿಗೆ ತಿರುಗಿದ್ದೂ ಅದೇ ದಾರಿಯಲ್ಲಿ.

ಈ ವರ್ಷ ನಮ್ಮ ಕಾಲೇಜುಗಳ ಮಾಧ್ಯಮ ತರಗತಿಗಳಿಗೆ ಸೇರುವ ಪ್ರತಿಯೊಬ್ಬ ಯುವಕ ಯುವತಿಗಾಗಿ, ಅವರಿಗೆ ಪಾಠ ಹೇಳುವವರಿಗಾಗಿ ನಮ್ಮ ಬಲಿಪೂಜೆಗಳಲ್ಲಿ ಪ್ರಾರ್ಥಿಸೋಣ. ಒಳ್ಳೆಯದನ್ನು ಚೆನ್ನಾಗಿ ಹೇಳುವ ಜಾಣ್ಮೆಯನ್ನೂ, ಕೆಟ್ಟದ್ದಕ್ಕೆ ಇಲ್ಲ ಎನ್ನುವ ಧೈರ್ಯವನ್ನೂ ಸಂತ ಫ್ರಾನ್ಸಿಸ್ ಡಿ ಸೇಲ್ಸ್‌ರ ಮತ್ತು ಸಂತ ಟೈಟಸ್ ಬ್ರಾಂಡ್ಸ್‌ಮಾರ ವಿಜ್ಞಾಪನೆಯ ಮೂಲಕ ಪ್ರಭು ಅವರಿಗೆ ದಯಪಾಲಿಸಲಿ. ಎಲ್ಲರಿಗೂ ಹಬ್ಬದ ಶುಭಾಶಯಗಳು.